ಮನೆಯ ಲೆಕ್ಕ ಮತ್ತು ಸಾಲದ ವಿಮೋಚನೆ

(ಶತಮಾನೋತ್ಸವದ ಅಂಗವಾಗಿ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಶತಮಾನೋತ್ಸವವೆಂದರೆ ನೂರು ವರ್ಷಗಳ ಲೆಕ್ಕವನ್ನು ಒಪ್ಪಿಸುವ ಸಂದರ್ಭ. ಎಷ್ಟು ಜ್ಞಾನಸ್ನಾನಗಳು ನಡೆದವು, ಎಷ್ಟು ವಿವಾಹಗಳು ನೆರವೇರಿದವು, ಎಷ್ಟು ಮಂದಿ ಹಿರಿಯರು ಮಣ್ಣಿಗೆ ಸೇರಿದರು ಎಂಬುದೆಲ್ಲವೂ ಧರ್ಮಕೇಂದ್ರದ ದಾಖಲೆ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಯಾವ ಪುಸ್ತಕದಲ್ಲಿಯೂ ಬರೆಯದ ಇನ್ನೊಂದು ಲೆಕ್ಕವಿದೆ. ನಮ್ಮ ಎಷ್ಟು ಮನೆಗಳಲ್ಲಿ ರಾತ್ರಿ ದೀಪ ಆರಿದ ಮೇಲೆ ಗಂಡಹೆಂಡಿರು ನಾಳೆಯ ಕಂತಿನ ಚಿಂತೆಯಲ್ಲಿ ನಿದ್ದೆಗೆಡುತ್ತಾರೆ? ಸಾಲ ಕೊಟ್ಟವನು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾನೆಂದು ಭಾನುವಾರದ ಬಲಿಪೂಜೆಗೆ ಬರಲು ಅಂಜುವ ಮನೆಗಳು ಎಷ್ಟು? ಇಂದು ನಾವು ಆ ಲೆಕ್ಕವನ್ನು ಕೈಗೆತ್ತಿಕೊಳ್ಳೋಣ.

ಈ ವಿಷಯ ದೇವಾಲಯದ ಆವರಣಕ್ಕೆ ತಕ್ಕದ್ದೇ ಎಂದು ಯಾರಾದರೂ ಕೇಳಿಯಾರು. ಪವಿತ್ರ ಗ್ರಂಥವು ಸಾಲದ ಮಾತನ್ನು ಎಂದೂ ಕೀಳೆಂದು ಬಗೆದಿಲ್ಲ. ಅರಸರ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆ ಬರುತ್ತದೆ. ಗಂಡ ಸತ್ತಿದ್ದಾನೆ, ಸಾಲ ಉಳಿದಿದೆ, ಸಾಲಗಾರನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬರುತ್ತಿದ್ದಾನೆ. ಆಕೆ ಪ್ರವಾದಿ ಎಲೀಷನ ಬಳಿ ಗೋಳಿಡುತ್ತಾಳೆ. ಪ್ರವಾದಿಯು ಮೊದಲು ಕೇಳುವುದು, ಮನೆಯಲ್ಲಿ ಏನಿದೆ ಎಂದು. ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇಲ್ಲ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಎರವಲು ತಂದು, ಮಕ್ಕಳೊಡನೆ ಬಾಗಿಲು ಹಾಕಿಕೊಂಡು ಎಣ್ಣೆಯನ್ನು ಸುರಿಯೆಂದು ಅವನು ಹೇಳುತ್ತಾನೆ. ಪಾತ್ರೆಗಳೆಲ್ಲ ತುಂಬಿದ ಮೇಲೆ ಅವನ ಅಪ್ಪಣೆ ಏನು? ಮಾರಿ ಮೊದಲು ಸಾಲ ತೀರಿಸಬೇಕು, ಉಳಿದುದರಲ್ಲಿ ಬದುಕಬೇಕು.

ಎಣ್ಣೆ ಉಕ್ಕಿದ್ದು ದೇವರ ಪವಾಡ. ಆದರೆ ಅದರ ಸುತ್ತಲಿನ ನಾಲ್ಕು ಕೆಲಸಗಳು ಮನುಷ್ಯರು ಮಾಡಬೇಕಾದವು: ಮನೆಯಲ್ಲಿ ಏನಿದೆಯೆಂದು ಎಣಿಸುವುದು, ಬಾಗಿಲು ಹಾಕಿಕೊಂಡು ಮನೆಮಂದಿಯೆಲ್ಲ ಕೂಡಿ ದುಡಿಯುವುದು, ಸಾಲಕ್ಕೆ ಮೊದಲ ಸ್ಥಾನ ಕೊಡುವುದು, ನೆರೆಯವರು ತಮ್ಮ ಪಾತ್ರೆ ಕೊಟ್ಟು ನೆರವಾಗುವುದು. ಇಂದಿನ ನಮ್ಮ ಮಾತೆಲ್ಲ ಈ ನಾಲ್ಕರಲ್ಲಿಯೇ ಅಡಗಿದೆ.

ಮೊದಲು ನಮ್ಮ ಊರುಗಳ ಸ್ಥಿತಿಯನ್ನು ನೋಡೋಣ. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯೆಂಬ ಕೈಗಾರಿಕಾ ನಗರವಾದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯ ಸಂಸ್ಥೆ ಸ್ಥಾಪನೆಗೊಂಡಿತು. ಕನ್ನಡ, ತಮಿಳು, ಕೊಂಕಣಿ, ಮಲಯಾಳ, ತೆಲುಗು ಮಾತನಾಡುವ ಕುಟುಂಬಗಳು ಬಂದು ನ್ಯೂ ಟೌನಿನಲ್ಲಿ, ಪೇಪರ್ ಟೌನಿನಲ್ಲಿ, ಹಳೇನಗರದಲ್ಲಿ ನೆಲೆಯೂರಿದವು. ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳ, ಭವಿಷ್ಯನಿಧಿ, ಬೋನಸ್ಸು, ನಿವೃತ್ತಿಯಾದಾಗ ಗ್ರಾಚ್ಯುಯಿಟಿ: ಈ ನಾಲ್ಕು ಕಂಬಗಳ ಮೇಲೆ ಮೂರು ತಲೆಮಾರುಗಳು ಸಂಸಾರ ಕಟ್ಟಿದವು. ಸಾಲ ಮಾಡಿದರೂ ಭಯವಿರಲಿಲ್ಲ. ಸಂಬಳದ ದಿನ ಬಂದೇ ಬರುತ್ತಿತ್ತು.

ಆ ಕಂಬಗಳು ಒಂದೊಂದಾಗಿ ಅಲುಗಾಡಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕೆಲವು ವಿಭಾಗಗಳು ಮರಳಿ ಚಲಿಸಿದರೂ ಹಳೆಯ ಭದ್ರತೆ ಮರಳಲಿಲ್ಲ. ಶಿವಮೊಗ್ಗದ ಕಡೆ ನೋಡಿದರೆ ಆದಾಯವೇ ಋತುವಿನದು. ಅಡಿಕೆ ಸುಲಿಯುವ ಕಾಲದಲ್ಲಿ ಕೈತುಂಬ ಕೂಲಿ, ಉಳಿದ ತಿಂಗಳು ಸಿಕ್ಕಿದ ಕೆಲಸ. ಸಂಬಳ ನಿಶ್ಚಿತವಾಗಿದ್ದ ಕಾಲದ ಖರ್ಚಿನ ಅಭ್ಯಾಸಗಳು ಉಳಿದಿವೆ, ಸಂಬಳ ಮಾತ್ರ ನಿಶ್ಚಿತವಾಗಿ ಉಳಿದಿಲ್ಲ. ನಮ್ಮ ಅನೇಕ ಮನೆಗಳ ಸಾಲಕ್ಕೆ ದುಂದುಗಾರಿಕೆಗಿಂತ ಈ ಅಂತರವೇ ಕಾರಣ. ಆದಕಾರಣ ಸಾಲದಲ್ಲಿರುವವರನ್ನು ಹೀನಾಯವಾಗಿ ಕಾಣುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಇನ್ನು ಮೊದಲನೆಯ ಕೆಲಸ, ಎಣಿಸುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಆದರೆ ಹಾಸಿಗೆಯನ್ನು ಅಳೆದು ನೋಡಿದವರು ಕಡಿಮೆ. ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ಒಂದು ಹಾಳೆಯಲ್ಲಿ ಬರುವ ಹಣ, ಇನ್ನೊಂದರಲ್ಲಿ ಹೋಗುವ ಹಣ, ಮೂರನೆಯದರಲ್ಲಿ ಸಾಲಗಳ ಪಟ್ಟಿ. ಈ ಮೂರನೆಯ ಹಾಳೆಯೇ ಕಠಿಣ. ಯಾರಿಗೆ, ಎಷ್ಟು, ಯಾವ ಬಡ್ಡಿಗೆ, ಎಂದಿನವರೆಗೆ, ಏನು ಅಡವಿಟ್ಟು, ಯಾರ ಜಾಮೀನಿನ ಮೇಲೆ ಎಂಬುದನ್ನೆಲ್ಲ ಬರೆಯಬೇಕು. ಗಂಡನಿಗೆ ತಿಳಿಯದ ಸಂಘದ ಸಾಲ, ಹೆಂಡತಿಗೆ ತಿಳಿಯದ ಕೈಸಾಲ ಎರಡೂ ಅದೇ ಹಾಳೆಗೆ ಬರಬೇಕು. ಮುಚ್ಚಿಟ್ಟ ಸಾಲದ ಬಡ್ಡಿಯು ಹಣದಲ್ಲಷ್ಟೇ ಅಲ್ಲ, ಮನೆಯ ನೆಮ್ಮದಿಯಲ್ಲಿಯೂ ಬೆಳೆಯುತ್ತದೆ.

ಮಾತಿಗಿಂತ ಲೆಕ್ಕ ಲೇಸು. ಉದಾಹರಣೆಗಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ ವಾಹನ ಚಾಲಕನ ಕೆಲಸ, ತಿಂಗಳಿಗೆ 15,000 ರೂಪಾಯಿ. ಹೆಂಡತಿ ಹೊಲಿಗೆಯಿಂದ 6,000 ರೂಪಾಯಿ ಗಳಿಸುತ್ತಾಳೆ. ಒಟ್ಟು 21,000. ಖರ್ಚು ಹೀಗಿದೆ: ಬಾಡಿಗೆ 4,000, ದಿನಸಿ 5,500, ಹಾಲು, ತರಕಾರಿ, ಮೀನು ಮಾಂಸ 3,000, ಅಡುಗೆ ಅನಿಲ 900, ನೀರು ಮತ್ತು ಕೇಬಲ್ 300, ಮಕ್ಕಳ ಶಾಲೆ 1,500, ಔಷಧಿ 700, ದೂರವಾಣಿ 400, ಪೆಟ್ರೋಲು 1,200. ಒಟ್ಟು 17,500 ರೂಪಾಯಿ.

ಸಾಲಗಳು ನಾಲ್ಕು. ಪರಿಚಿತನೊಬ್ಬನಿಂದ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯಂತೆ 20,000. ತಿಂಗಳ ಬಡ್ಡಿ 1,000. ಬಳೆ ಗಿರವಿಯಿಟ್ಟು ವರ್ಷಕ್ಕೆ ನೂರಕ್ಕೆ 12ರಂತೆ 50,000. ತಿಂಗಳ ಬಡ್ಡಿ 500. ಸಂಘದ ಸಾಲದಲ್ಲಿ ಬಾಕಿ 30,000. ವಾರದ ಕಂತುಗಳು ಸೇರಿ ತಿಂಗಳಿಗೆ 2,600. ಅಂಗಡಿಯ ಉದ್ರಿ 4,000, ಬಡ್ಡಿಯಿಲ್ಲ. ಸಾಲದ ಮೊತ್ತ 1,04,000. ತಿಂಗಳಿಗೆ ಅದಕ್ಕೆ ಹೋಗುವುದು 4,100.

ಈಗ ಕೂಡಿಸಿ ನೋಡಿ. ಖರ್ಚು 17,500, ಸಾಲಕ್ಕೆ 4,100, ಒಟ್ಟು 21,600. ಬರುವುದು 21,000. ತಿಂಗಳಿಗೆ 600 ರೂಪಾಯಿ ಕೊರತೆ. ಈ ಮನೆಯಲ್ಲಿ ಕುಡಿತವಿಲ್ಲ, ಜೂಜಿಲ್ಲ, ಆಡಂಬರವಿಲ್ಲ. ಆದರೂ ವರ್ಷಕ್ಕೆ 7,200 ರೂಪಾಯಿ ಹೊಸ ಸಾಲ ಸದ್ದಿಲ್ಲದೆ ಸೇರುತ್ತದೆ. ಬರೆಯದೆ ಇದ್ದರೆ ಇದು ಕಾಣುವುದೇ ಇಲ್ಲ; ದುಡಿದ ದುಡ್ಡು ಎಲ್ಲಿ ಹೋಗುತ್ತದೆಯೋ ತಿಳಿಯದು ಎಂದು ನಿಟ್ಟುಸಿರಿಡುವುದಷ್ಟೇ ಉಳಿಯುತ್ತದೆ.

ಎರಡನೆಯದು, ಬಾಗಿಲು ಹಾಕಿಕೊಂಡು ಮನೆಮಂದಿ ಕೂಡಿ ಕುಳಿತುಕೊಳ್ಳುವುದು. ಉಳಿತಾಯದ ಭಾರವನ್ನು ತಾಯಿಯೊಬ್ಬಳ ತಟ್ಟೆಯ ಮೇಲೆ ಹೇರುವ ದುರಭ್ಯಾಸ ನಮ್ಮಲ್ಲಿದೆ. ಅವಳ ಊಟ, ಅವಳ ಔಷಧಿ ಮೊದಲು ಕಡಿತವಾಗುತ್ತವೆ. ಇದು ನ್ಯಾಯವೂ ಅಲ್ಲ, ಲಾಭವೂ ಅಲ್ಲ. ತಾಯಿ ಹಾಸಿಗೆ ಹಿಡಿದರೆ ಮನೆಯ ಲೆಕ್ಕವೇ ಬುಡಮೇಲು. ಎಲ್ಲರೂ ಸ್ವಲ್ಪ ಸ್ವಲ್ಪ ಬಿಡಬೇಕು. ನಮ್ಮ ಉದಾಹರಣೆಯ ಮನೆಯಲ್ಲಿ ದಿನಸಿಯನ್ನು ತಿಂಗಳಿಗೊಮ್ಮೆ ನಗದು ಕೊಟ್ಟು ತಂದರೆ 500 ಉಳಿಯಬಹುದು. ಗಂಡಸು ಸಮೀಪದ ಕೆಲಸಗಳಿಗೆ ಬೈಕು ಬಿಟ್ಟು ನಡೆದರೆ 300. ಹಾಲು, ಮಾಂಸದ ಬಾಬಿನಲ್ಲಿ 400. ದೂರವಾಣಿಯಲ್ಲಿ 100. ಒಟ್ಟು 1,300. ಹಿಂದಿನ 600ರ ಕೊರತೆ ತುಂಬಿ 700 ರೂಪಾಯಿ ಮಿಗುತ್ತದೆ. ಶಾಲೆಗೂ ಔಷಧಿಗೂ ನಾವು ಕೈ ಹಾಕಿಲ್ಲ, ಹಾಕಲೂಬಾರದು.

ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟು ತಿಳಿಸುವುದು ಒಳ್ಳೆಯದು. ಹನ್ನೆರಡು ವರ್ಷದ ಹುಡುಗಿಗೆ ಈ ವರ್ಷ ಕ್ರಿಸ್ತಜಯಂತಿಗೆ ಒಂದೇ ಜೊತೆ ಬಟ್ಟೆಯೆಂದು ಕಾರಣ ಸಹಿತ ಹೇಳಿದರೆ ಅವಳು ಅರ್ಥಮಾಡಿಕೊಳ್ಳುತ್ತಾಳೆ. ಕಾರಣ ಹೇಳದೆ ಗದರಿದರೆ ಅವಳಿಗೆ ಉಳಿಯುವುದು ನೋವು ಮಾತ್ರ.

ಮೂರನೆಯದು, ಸಾಲಕ್ಕೆ ಮೊದಲ ಸ್ಥಾನ. ನಾಲ್ಕು ಸಾಲಗಳಲ್ಲಿ ಯಾವುದನ್ನು ಮೊದಲು ತೀರಿಸಬೇಕು? ಮೊತ್ತ ದೊಡ್ಡದೆಂದು ಗಿರವಿಯ ಕಡೆ ಕಣ್ಣು ಹೋಗುತ್ತದೆ. ಆದರೆ ಮನೆಯನ್ನು ತಿನ್ನುತ್ತಿರುವುದು ಆ ಇಪ್ಪತ್ತು ಸಾವಿರದ ಕೈಸಾಲ. ನೂರಕ್ಕೆ 5 ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು ನೂರಕ್ಕೆ 60. ತಿಂಗಳಿಗೆ 1,000 ಬಡ್ಡಿ ಕಟ್ಟುತ್ತಾ ಹೋದರೆ ಇಪ್ಪತ್ತು ತಿಂಗಳಲ್ಲಿ 20,000 ಕೊಟ್ಟಂತಾಯಿತು, ಅಸಲಿನ 20,000 ಹಾಗೆಯೇ ಕುಳಿತಿರುತ್ತದೆ. ಅದೇ ಬಡ್ಡಿಯ ಜೊತೆ ಮಿಕ್ಕ 700 ಸೇರಿಸಿ ತಿಂಗಳಿಗೆ 1,700 ಕಟ್ಟಿದರೆ ಹತ್ತೊಂಬತ್ತು ತಿಂಗಳಲ್ಲಿ ಅಸಲೂ ತೀರುತ್ತದೆ. ಇನ್ನೂ ಒಂದು ದಾರಿಯಿದೆ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಗೆ ಒಂದು ಸಹಕಾರ ಸಂಘದಿಂದ 20,000 ಪಡೆದು ಆ ಕೈಸಾಲವನ್ನು ಒಂದೇ ಸಲ ಮುಗಿಸಿ, ಅದೇ 1,700ನ್ನು ಸಂಘಕ್ಕೆ ಕಟ್ಟಿದರೆ ಹದಿಮೂರು ತಿಂಗಳು ಸಾಕು. ಕಟ್ಟುವ ಹಣ ಒಂದೇ, ಬಡ್ಡಿಯ ದರ ಮಾತ್ರ ಬೇರೆ. ಆರು ತಿಂಗಳ ದುಡಿಮೆ ಉಳಿಯಿತು.

ಮುಂದಿನದು ತಾನಾಗಿಯೇ ಹಗುರಾಗುತ್ತದೆ. ಅಷ್ಟರೊಳಗೆ, ಹದಿನಾಲ್ಕನೆಯ ತಿಂಗಳ ಸುಮಾರಿಗೆ, ಸಂಘದ ವಾರದ ಕಂತುಗಳೂ ಮುಗಿಯುತ್ತವೆ. ಬಿಡುಗಡೆಯಾದ 1,700 ಮತ್ತು 2,600ನ್ನು ಗಿರವಿಯ 500ರ ಬಡ್ಡಿಗೆ ಸೇರಿಸಿ ತಿಂಗಳಿಗೆ 4,800 ಕಟ್ಟಿದರೆ ಇನ್ನೊಂದು ವರ್ಷದಲ್ಲಿ ಬಳೆ ಮನೆಗೆ ಬರುತ್ತದೆ. ಎರಡು ವರ್ಷ ಎರಡು ತಿಂಗಳಲ್ಲಿ ಒಂದು ಲಕ್ಷದ ಭಾರ ಇಳಿಯಿತು. ಇಲ್ಲಿ ಒಂದೇ ನಿಬಂಧನೆ: ಒಂದು ಸಾಲ ತೀರಿದಾಗ ಉಳಿದ ಹಣವನ್ನು ಖರ್ಚಿಗೆ ಬಿಡದೆ ಮುಂದಿನ ಸಾಲಕ್ಕೆ ಹೂಡಬೇಕು, ನಡುವೆ ಹೊಸ ಸಾಲ ಮಾಡಬಾರದು.

ಅಂಗಡಿಯ ಉದ್ರಿ ಮತ್ತು ಆಪತ್ತಿನ ನಿಧಿಯ ಮಾತು ಉಳಿಯಿತು. ರಾಜ್ಯ ಸರ್ಕಾರವು 2023ರ ಆಗಸ್ಟಿನಲ್ಲಿ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಂತೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಯಾಯಿತು. ಈ ಹಣವನ್ನು ತಿಂಗಳ ಖರ್ಚಿನ ಆಧಾರವೆಂದು ಎಣಿಸದೆ, ಕೈಗೆ ಬಂದ ಮೇಲೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುವುದು ಕ್ಷೇಮ. ಎರಡು ಕಂತುಗಳಲ್ಲಿ ಅಂಗಡಿಯವನ ಬಾಕಿ ಚುಕ್ತಾ. ಬಡ್ಡಿಯಿಲ್ಲದೆ ನಂಬಿ ಕೊಟ್ಟವನ ಋಣವನ್ನು ಬಡ್ಡಿಯಿಲ್ಲವೆಂಬ ಕಾರಣಕ್ಕೇ ಹಿಂದಕ್ಕೆ ತಳ್ಳುವುದು ಸಲ್ಲದು. ಅನಂತರ ಬಂದುದನ್ನು ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ಬೇರೆಯಾಗಿ ಇಡಬೇಕು. ಜ್ವರ, ಮಳೆಗಾಲದಲ್ಲಿ ಸೋರುವ ಹೆಂಚು, ಶಾಲೆಯ ಶುಲ್ಕ ಇವೆಲ್ಲ ಮುನ್ಸೂಚನೆಯಿಲ್ಲದೆ ಬರುವ ಅತಿಥಿಗಳು. ಅವುಗಳಿಗೆಂದು ಹಣ ಇರದಿದ್ದರೆ ಮತ್ತೆ ಅದೇ ಕೈಸಾಲದವನ ಬಾಗಿಲಿಗೇ ಹೋಗಬೇಕಾಗುತ್ತದೆ.

ಕೂಲಿಯಿಂದ ಬಾಳುವ ಮನೆಗಳಿಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಅವರು ಇಡೀ ವರ್ಷದ ಆದಾಯವನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಬೇಕು. ಅಡಿಕೆ ಕಾಲದ ಹಣದಲ್ಲಿ ಆ ತಿಂಗಳ ಪಾಲನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಮಳೆಗಾಲಕ್ಕೆ ಕಾದಿಡಬೇಕು. ಏಳು ಸಮೃದ್ಧ ವರ್ಷಗಳ ಧಾನ್ಯವನ್ನು ಏಳು ಕ್ಷಾಮದ ವರ್ಷಗಳಿಗೆ ಕಾಪಿಟ್ಟ ಯೋಸೇಫನ ಜಾಣ್ಮೆ ಇದೇ.

ಸಾಲ ಕೊಟ್ಟವರ ಕಾಟಕ್ಕೆ ಹೆದರಿ ಊರು ಬಿಟ್ಟವರ, ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಗಳನ್ನು ನಮ್ಮ ರಾಜ್ಯದ ನಾನಾ ಕಡೆಗಳಿಂದ ನಾವು ಓದಿದ್ದೇವೆ. ಆ ಹಿನ್ನೆಲೆಯಲ್ಲಿಯೇ 2025ರ ಫೆಬ್ರವರಿಯಲ್ಲಿ ರಾಜ್ಯವು ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಬಳಿಕ ಅದು ಕಾಯಿದೆಯಾಯಿತು. ಬೆದರಿಸಿ, ಮಾನ ಕಳೆದು ವಸೂಲು ಮಾಡುವುದಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಮೀಟರ್ ಬಡ್ಡಿಯಂತಹ ಸುಲಿಗೆಯ ವಿರುದ್ಧ 2004ರಷ್ಟು ಹಿಂದೆಯೇ ನಮ್ಮಲ್ಲಿ ಕಾಯಿದೆ ಬಂದಿದೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಿರುಸಾಲದ ನಿಯಮಗಳ ಪ್ರಕಾರ ಒಂದು ಮನೆಯ ಎಲ್ಲ ಸಾಲಗಳ ಕಂತುಗಳೂ ಸೇರಿ ಅದರ ಆದಾಯದ ಅರ್ಧವನ್ನು ಮೀರಬಾರದು. ಸಾಲಗಾರನು ಸಾಲ ತೀರಿಸಬೇಕು, ನಿಜ. ಆದರೆ ಸಾಲ ಕೊಟ್ಟವನಿಗೆ ಅವನ ಮಾನದ ಮೇಲೆ ಹಕ್ಕಿಲ್ಲ. ಬೆದರಿಕೆ ಬಂದಾಗ ಒಳಗೊಳಗೇ ಕೊರಗದೆ ಪೊಲೀಸ್ ಠಾಣೆಗೆ ದೂರು ಕೊಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಧರ್ಮಕೇಂದ್ರದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಸಾಲವು ದೊಡ್ಡದಿರಬಹುದು; ಮನುಷ್ಯನ ಪ್ರಾಣಕ್ಕೆ ಸಮನಾದ ಸಾಲ ಯಾವುದೂ ಇಲ್ಲ.

ಇದೇ ನಮ್ಮನ್ನು ನಾಲ್ಕನೆಯ ಮಾತಿಗೆ, ನೆರೆಯವರ ಪಾತ್ರೆಗಳಿಗೆ ಕರೆತರುತ್ತದೆ. ಸುಲಿಗೆಯ ಬಡ್ಡಿಯಿಂದ ಬಡವರನ್ನು ಬಿಡಿಸುವುದು ಶ್ರೀಸಭೆಗೆ ಹೊಸ ಕೆಲಸವಲ್ಲ. ಇಟಲಿಯ ಪೆರುಜಿಯಾ ನಗರದಲ್ಲಿ 1462ರಲ್ಲಿಯೇ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಬಡವರಿಗೆ ಅಡವಿನ ಮೇಲೆ ಅಲ್ಪ ದರದಲ್ಲಿ ಸಾಲ ಕೊಡುವ ಧರ್ಮನಿಧಿ ತೆರೆಯಿತು. 1515ರಲ್ಲಿ ಲ್ಯಾಟರನ್ ಮಹಾಸಭೆಯು ಇಂತಹ ನಿಧಿಗಳಿಗೆ ಮನ್ನಣೆ ನೀಡಿತು. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ಕೂಲಿಯನ್ನು ಎತ್ತಿಹಿಡಿದು, ಬಡ್ಡಿಯ ದುರಾಶೆಯನ್ನು ಖಂಡಿಸಿದರು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅಲ್ಫೋನ್ಸ್ ದೆಜಾರ್ದಿನ್ ಎಂಬ ಗೃಹಸ್ಥರು 1900ರಲ್ಲಿ ಆರಂಭಿಸಿದ ಜನರ ಉಳಿತಾಯ ಸಂಘವು ಧರ್ಮಕೇಂದ್ರಗಳನ್ನೇ ನೆಲೆಯಾಗಿಸಿಕೊಂಡು ಬೆಳೆಯಿತು.

ನಮ್ಮ ನಾಡೂ ಹಿಂದೆ ಬೀಳಲಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ರೈತರ ಸಹಕಾರ ಪತ್ತಿನ ಸಂಘ ಹುಟ್ಟಿತು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರ ಬ್ಯಾಂಕನ್ನು ಕಟ್ಟಿದರು. ಇವರಲ್ಲಿ ಹೆಚ್ಚಿನವರು ಧನಿಕರಲ್ಲ. ತಿಂಗಳಿಗೆ ಅಷ್ಟಿಷ್ಟು ಕೂಡಿಸಿ, ಅಗತ್ಯವಿದ್ದವನಿಗೆ ಕೊಟ್ಟು, ಅವನು ತೀರಿಸಿದಾಗ ಇನ್ನೊಬ್ಬನಿಗೆ ಕೊಟ್ಟರು. ನಮ್ಮ ನೂರು ಕುಟುಂಬಗಳು ತಿಂಗಳಿಗೆ 200 ರೂಪಾಯಿಯಂತೆ ಕಾನೂನುಬದ್ಧವಾಗಿ ನೋಂದಾಯಿಸಿದ ಒಂದು ಸಹಕಾರ ಸಂಘದಲ್ಲಿ ಕೂಡಿಟ್ಟರೆ ತಿಂಗಳಿಗೆ 20,000 ಆಗುತ್ತದೆ. ನಾವು ಮೇಲೆ ಕಂಡ ಮನೆಯ ಕೈಸಾಲ ಅಷ್ಟೇ. ತಿಂಗಳಿಗೆ ಒಂದು ಮನೆಯನ್ನು ನೂರಕ್ಕೆ 5ರ ಬಾಯಿಂದ ಬಿಡಿಸಬಹುದೆಂದಾಯಿತು. ಆದರೆ ಅಲ್ಲಿಯೂ ಪುಸ್ತಕ ಚೊಕ್ಕವಾಗಿರಬೇಕು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಬೇಕು, ಪರಿಚಯದ ಮುಲಾಜಿಗೆ ಸಾಲ ಕೊಡಬಾರದು. ದೇವರ ಹೆಸರಿದ್ದ ಮಾತ್ರಕ್ಕೆ ಲೆಕ್ಕ ಶುದ್ಧವಾಗುವುದಿಲ್ಲ.

ಕೊನೆಯದಾಗಿ, ನಾವೆಲ್ಲರೂ ಕೇಳಬೇಕಾದ ಒಂದು ಅಪ್ರಿಯ ಮಾತು. ನಮ್ಮ ಮನೆಗಳ ಸಾಲದಲ್ಲಿ ದೊಡ್ಡ ಪಾಲು ಹಸಿವಿನದಲ್ಲ, ಹೆಸರಿನದು. ರೋಸ್ ಸಮಾರಂಭಕ್ಕೆ ಇಷ್ಟು ಜನ, ಮದುವೆಗೆ ಇಂತಹ ಸಭಾಂಗಣ, ಪ್ರಥಮ ಪರಮಪ್ರಸಾದಕ್ಕೆ ಇಂತಹ ಊಟ ಎಂಬ ಅಳತೆಗೋಲನ್ನು ಹಾಕಿದವರು ಬೇರೆ ಯಾರೂ ಅಲ್ಲ, ಈ ಸಭೆಯಲ್ಲಿ ಕುಳಿತಿರುವ ನಾವೇ. ಸಂಸ್ಕಾರಕ್ಕೆ ಬೇಕಾದುದು ಶ್ರದ್ಧೆ. ಬಿರಿಯಾನಿಗೆ ಬೇಕಾದುದು ಸಾಲ. ಉಳ್ಳವರು ಮೊದಲು ಸರಳವಾಗಿ ಮದುವೆ ಮಾಡಿ ತೋರಿಸಿದರೆ ಇಲ್ಲದವರಿಗೆ ತಲೆಯೆತ್ತಿ ಸರಳವಾಗಿರುವ ಧೈರ್ಯ ಬರುತ್ತದೆ. ಇಲ್ಲದವರಿಂದಲೇ ಸರಳತೆ ಆರಂಭವಾಗಲಿ ಎನ್ನುವುದು ನ್ಯಾಯವಲ್ಲ.

ಇದೇ ಮಾತು ಈ ಶತಮಾನೋತ್ಸವಕ್ಕೂ ಸಲ್ಲುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂದು ಪ್ರಭು ಯೇಸುವೇ ಹೇಳಿದ್ದಾರೆ. ಕೈಸಾಲ ಮಾಡಿ ಕಾಣಿಕೆ ಕೊಡಬೇಡಿ. ಬಡ್ಡಿಗೆ ತಂದ ಹಣದಿಂದ ನಮ್ಮ ದೇವಾಲಯಕ್ಕೆ ಒಂದು ಹೆಂಚೂ ಬೇಡ. ಸಾಲದಲ್ಲಿರುವ ಮನೆಯು ಈ ವರ್ಷ ತನ್ನ ಸಾಲವನ್ನು ತೀರಿಸಿದರೆ ಅದೇ ಆ ಮನೆ ಸಲ್ಲಿಸುವ ಶತಮಾನೋತ್ಸವದ ಕಾಣಿಕೆ. ದಾನಿಗಳ ಪಟ್ಟಿಯಲ್ಲಿ ಅದರ ಹೆಸರು ಬರದಿರಬಹುದು. ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಬಂಧುಗಳೇ, ಮುಂದಿನ ಸಂಬಳದ ದಿನ ಒಂದು ನೋಟುಪುಸ್ತಕ ಕೊಳ್ಳೋಣ. ಅಂದು ಸಂಜೆ ಜಪಸರ ಮುಗಿದ ಮೇಲೆ ಅದೇ ಚಾಪೆಯ ಮೇಲೆ ಮನೆಮಂದಿಯೆಲ್ಲ ಕುಳಿತು ಮೂರು ಹಾಳೆಗಳನ್ನು ತುಂಬೋಣ. ಮೂರನೆಯ ಹಾಳೆ ಎಷ್ಟೇ ಉದ್ದವಿರಲಿ, ಬರೆದು ಮುಗಿಸೋಣ. ಅಂದಿನಿಂದ ಪ್ರತಿ ತಿಂಗಳೂ ಅದರಿಂದ ಒಂದೊಂದು ಸಾಲು ಅಳಿಯಲಿ. ನೂರು ವರ್ಷ ನಮ್ಮನ್ನು ಕೈಹಿಡಿದು ನಡೆಸಿದ ದೇವರು ನಮ್ಮ ಮನೆಗಳನ್ನು ಋಣಮುಕ್ತವಾಗಿಸಲೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.